ನೋಡಲು ಬಂದ ಹುಡುಗಿ

ಜೂನ್ 3

ಪ್ರೀತಿಯ ತಂಗಿಗೆ,

ಆಶೀರ್ವಾದಗಳು. ನಿನ್ನ ಎರಡು ಪತ್ರಗಳಿಗೆ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ. ತಡವಾಯಿತೆಂದು ಬೈದುಕೋ, ಆದರೆ ಓದಿ ಮುಗಿಸಿದ ಮೇಲೆ ಬೈದುಕೋ. ಫೋನ್ ಮಾಡಬಹುದಿತ್ತು, ನಿಜ. ಈ ಮನೆಯಲ್ಲಿ ಫೋನಿನಲ್ಲಿ ಆಡಿದ್ದೆಲ್ಲ ಎಲ್ಲ ಕೋಣೆಗೂ ಕೇಳಿಸುತ್ತದೆ. ಇವತ್ತು ಬರೆಯಲಿರುವುದು ಮಗಳ ಕಿವಿಗೆ ಬೀಳಬಾರದು.

ಮೊದಲು ಸುದ್ದಿ. ಅವಳ ಶಾಲೆಯಲ್ಲಿ ಹತ್ತನೇ ತರಗತಿಯ ಮಕ್ಕಳನ್ನು ಈ ತಿಂಗಳು ಪೂರ್ತಿ ಮಧ್ಯಾಹ್ನದ ಮೇಲೆ ಒಂದೊಂದು ಕೆಲಸದ ಜಾಗಕ್ಕೆ ಕಳಿಸುತ್ತಿದ್ದಾರೆ. ಮುಂದೆ ಏನಾಗಬೇಕೆಂದು ಈಗಲೇ ನೋಡಿ ತಿಳಿಯಲಿ ಎಂದು. ಕೂತು ನೋಡಬೇಕು, ಏನನ್ನೂ ಮುಟ್ಟಬಾರದು, ಸ್ವಂತ ಅಪ್ಪ ಅಮ್ಮ ಕೆಲಸ ಮಾಡುವಲ್ಲಿಗೆ ಹೋಗಬಾರದು. ಇಷ್ಟೇ ನಿಯಮ. ನನ್ನ ಮಗಳು ಕಣ್ಣಾಸ್ಪತ್ರೆ ಹಿಡಿದಿದ್ದಾಳೆ. ಕಣ್ಣಿಗೆ ಡ್ರಾಪ್ಸ್ ಹಾಕಲು ಹೋದರೆ ಮಂಚದಡಿ ನುಗ್ಗುತ್ತಿದ್ದವಳು ಅವಳು, ನಿನಗೇ ಗೊತ್ತು. ಯಾಕೆ ಎಂದು ಕೇಳಿದರೆ, "ಒಳ್ಳೆ ಜಾಗ ಎಲ್ಲ ಆಗ್ಲೇ ಹೋಗ್ಬಿಟ್ಟಿತ್ತಮ್ಮ" ಎಂದು ಚಪ್ಪಲಿ ಹಾಕಿಕೊಂಡು ಹೊರಟುಬಿಟ್ಟಳು.

ನಮ್ಮ ಲ್ಯಾಬಿಗೂ ಅದೇ ಶಾಲೆಯಿಂದ ಒಬ್ಬಳು ಬಂದಿದ್ದಾಳೆ. ಬೇರೆ ಮಕ್ಕಳು ಬ್ಯಾಂಕು, ಪತ್ರಿಕೆ, ಟಿ.ವಿ. ಎಂದು ಓಡಿರುವಾಗ ಕಟ್ಟುಹಲ್ಲು ಮಾಡುವುದನ್ನು ನೋಡುತ್ತೇನೆಂದು ಬಂದವಳು ಎಂಥವಳಿರಬೇಕು ಹೇಳು. ಮಗಳನ್ನು ಕೇಳಿದೆ. "ಬೇರೆ ಸೆಕ್ಷನ್ನು, ನಂಗೊತ್ತಿಲ್ಲ" ಎಂದಳು. ನಮ್ಮ ಸಣ್ಣ ಯಜಮಾನ, ಅಂದರೆ ಹಳೆಯ ಯಜಮಾನರ ಮಗ, ಅವಳನ್ನು ನೇರ ನನ್ನ ಮೇಜಿಗೇ ಕರೆತಂದ. "ಅಕ್ಕನ ಹತ್ರ ಕೂತ್ಕೋಮ್ಮ. ಬಣ್ಣ ಹಿಡಿಯೋದ್ರಲ್ಲಿ ಇವರನ್ನ ಬಿಟ್ರೆ ಇನ್ನೊಬ್ಬರಿಲ್ಲ." ಆತ ನನ್ನನ್ನು ಹೊಗಳಿದ್ದು ಇದೇ ಮೊದಲು. ಇದರಲ್ಲಿ ಏನೋ ಇದೆ ಎಂದು ನನಗೆ ಆಗಲೇ ಅನಿಸಿತು.

ನನ್ನ ಕೆಲಸದ ವಿವರವನ್ನು ನೀನು ಯಾವತ್ತೂ ನೆಟ್ಟಗೆ ಕೇಳಿಸಿಕೊಂಡಿಲ್ಲ, ಈಗ ಕೇಳು. ಒಂದು ಹಲ್ಲು ಹೋದರೆ ಹೊಸದನ್ನು ಬಿಳಿ ಮಾಡಿ ಕೊಟ್ಟರೆ ಸಾಲದು, ಪಕ್ಕದ ಹಲ್ಲಿನಂತೆ ಮಾಡಬೇಕು. ಯಾರ ಹಲ್ಲೂ ಬರೀ ಬಿಳಿಯಲ್ಲ. ಕಡ್ಡಿಗೆ ಅಂಟಿಸಿದ ಮಾದರಿ ಹಲ್ಲುಗಳ ಗೊಂಚಲೊಂದು ನನ್ನ ಬಳಿ ಇದೆ. ಒಂದೊಂದನ್ನೇ ಬಾಯಿಯ ಪಕ್ಕ ಹಿಡಿದು, ಕ್ಷಣಕಾಲ ನೋಡಿ, ಕಣ್ಣನ್ನು ಬೂದು ಬಟ್ಟೆಯ ಕಡೆ ಹೊರಳಿಸಿ ದಣಿವಾರಿಸಿ, ಮತ್ತೆ ನೋಡಬೇಕು. ಕಡ್ಡಿಗಳ ಮೇಲಿನ ನಂಬರು ಒರೆಸಿ ಒರೆಸಿ ಅಳಿಸಿಹೋಗಿದೆ. ನನಗೆ ನಂಬರಿನ ಹಂಗೂ ಇರಲಿಲ್ಲ. ಹಗಲಿನ ಬೆಳಕಿನಲ್ಲೇ ನೋಡಬೇಕಾದ್ದರಿಂದ ಕಿಟಕಿ ಪಕ್ಕದ ಮೇಜು ನನ್ನದು. ಲ್ಯಾಬಿನಲ್ಲಿ ಆ ಮೇಜಿಗೆ ಒಂದು ಗೌರವ ಇದೆ.

ಈಗ ನಿನಗೊಬ್ಬಳಿಗೇ ಹೇಳುವ ಮಾತು. ಕಳೆದ ವರ್ಷದಿಂದ ನನ್ನ ಎರಡು ಕಣ್ಣಿಗೂ ಹಾಲಿನ ಕೆನೆ ಕಟ್ಟಿದಂತಿದೆ. ಪೊರೆ ಎಂದು ಗೊತ್ತಾಗಲು ಡಾಕ್ಟರು ಬೇಕಿಲ್ಲ. ಬೆಳಕು ಚುಚ್ಚುತ್ತದೆಂದು ಕಿಟಕಿಯ ಪರದೆ ಎಳೆದುಕೊಂಡೇ ಕೂರುತ್ತೇನೆ. ಆಪರೇಷನ್ ಮಾಡಿಸಿದರೆ ಸರಿಹೋಗುತ್ತದಂತೆ, ಆದರೆ ಆಮೇಲೆ ಬಣ್ಣಗಳೇ ಬೇರೆಯಾಗಿ ಕಾಣುತ್ತವಂತೆ. ಬೇರೆಯವರಿಗೆ ಅದು ಖುಷಿಯ ವಿಷಯ. ನಾನು ಇಷ್ಟು ವರ್ಷ ಕಲಿತ ಬಿಳಿಗಳನ್ನೆಲ್ಲ ಮತ್ತೆ ಮೊದಲಿನಿಂದ ಕಲಿಯಬೇಕು. ಅಷ್ಟರಲ್ಲಿ ಸಣ್ಣ ಯಜಮಾನ ಬಣ್ಣ ಅಳೆಯುವ ಯಂತ್ರ ತಂದು ನನ್ನ ಜಾಗದಲ್ಲಿ ಕೂರಿಸಿರುತ್ತಾನೆ. ಅದರ ಬಗ್ಗೆ ಆಗಲೇ ಎರಡು ಸಲ ಮಾತೆತ್ತಿದ್ದಾನೆ. ನಿನ್ನ ಭಾವನವರಿಗೂ ನಾನಿದನ್ನು ಹೇಳಿಲ್ಲ.

ಈ ಹುಡುಗಿ ಬಂದ ಮೊದಲ ದಿನವೇ ಏನು ಕೇಳಿದಳು ಗೊತ್ತೇ? "ಮೇಡಂ, ಬಣ್ಣ ಹಗಲು ಬೆಳಕಲ್ಲೇ ನೋಡ್ಬೇಕು ಅಂದ್ರಲ್ಲ. ಮತ್ತೆ ಪರದೆ ಯಾಕೆ ಮುಚ್ಚಿದೀರ?"

ಇವಳನ್ನು ಯಾರೋ ಕಳಿಸಿದ್ದಾರೆ. ಸಣ್ಣ ಯಜಮಾನನೇ ಎಂಬುದರಲ್ಲಿ ನನಗೆ ಅನುಮಾನವೂ ಇಲ್ಲ.

ನಿನ್ನ ಶಾಲೆಯ ಪುಟಾಣಿಗಳಿಗೆ ನನ್ನ ಮುದ್ದು ಹೇಳು. ಈ ಪತ್ರ ಹರಿದುಹಾಕು.

ನಿನ್ನ ಅಕ್ಕ

ಜೂನ್ 11

ಪ್ರೀತಿಯ ತಂಗಿಗೆ,

ಆಶೀರ್ವಾದಗಳು. ಇಷ್ಟು ಬೇಗ ನಿನ್ನ ಉತ್ತರ ಬಂದದ್ದು ನೋಡಿ ಕಣ್ಣು ತುಂಬಿ ಬಂತು. "ಅಯ್ಯೋ ಅಕ್ಕ, ನನಗೆ ಗೊತ್ತೇ ಇರಲಿಲ್ಲ, ನಾಳೆಯೇ ಡಾಕ್ಟರ ಹತ್ತಿರ ಹೋಗು" ಎಂದು ಬರೆದಿದ್ದೀಯ. ನೀನಾದರೂ ಗಾಬರಿಯಾದೆಯಲ್ಲ, ಅಷ್ಟು ಸಾಕು. ಡಾಕ್ಟರ ವಿಷಯ ಆಮೇಲೆ. ಮೊದಲು ಪತ್ತೇದಾರಿಯ ಕಥೆ. ಹುಡುಗಿಗೆ ಮನಸ್ಸಿನಲ್ಲೇ ಆ ಹೆಸರಿಟ್ಟಿದ್ದೇನೆ.

ಅವಳು ಹಲ್ಲುಗಳನ್ನು ನೋಡುವುದಿಲ್ಲ, ನನ್ನನ್ನು ನೋಡುತ್ತಾಳೆ. ನಾನು ಕುಂಚ ತೆಗೆದುಕೊಳ್ಳಲು ಕೈ ಚಾಚಿದರೆ ಅವಳ ಕಣ್ಣು ನನ್ನ ಕೈಯ ಹಿಂದೆಯೇ ಬರುತ್ತದೆ. ಸೋಮವಾರ ಎಲ್ಲರಿಗೂ ಚಹಾ ತಂದು ಕೊಟ್ಟಳು. ನನ್ನ ಲೋಟದಲ್ಲಿ ಸಕ್ಕರೆ ಇರಲಿಲ್ಲ. ನಾನು ಸಕ್ಕರೆ ಬಿಟ್ಟದ್ದು ಇವಳಿಗೆ ಹೇಗೆ ಗೊತ್ತು? ಪಿಂಗಾಣಿ ಹಲ್ಲು ಸುಡುವ ಒಲೆಯ ಮುಂದೆ ಕೂರುವವನನ್ನು ನಾವು ಬಾಣಸಿಗ ಎಂದು ಕರೆಯುತ್ತೇವೆ. ಅವನನ್ನು ಕರೆದು ಕೇಳಿದೆ.

"ಆ ಹುಡುಗಿಗೆ ನನ್ನ ವಿಷಯ ಏನೇನು ಹೇಳಿದೀಯ?"

"ನಾನ್ಯಾಕೆ ಹೇಳ್ಲಿ ಅಕ್ಕ? ನಿಮ್ಮ ವಿಷಯ ಹೇಳೋಕೆ ನಿಮ್ಮ ಮುಖ ಇಲ್ವಾ? ಬೆಳಗ್ಗೆಯಿಂದ ಹಾಗಲಕಾಯಿ ತಿಂದ ಹಾಗಿದೆ."

"ತಮಾಷೆ ಬೇಡ."

"ಮತ್ತೆ ಮಗು ಸುಮ್ನೆ ಕೂತು ನೋಡಿದ್ರೆ ನಿಮಗ್ಯಾಕೆ ಉರಿ? ನನ್ನ ಹತ್ರ ಕಳಿಸಿ. ಒಲೆ ಮುಂದೆ ಕೂರಿಸ್ತೀನಿ, ನಾಳೆಯಿಂದ ಈ ಕಡೆ ತಲೆ ಹಾಕಲ್ಲ."

ಅವನು ಹೇಳಿಲ್ಲವೆಂದರೆ ಸಣ್ಣ ಯಜಮಾನನೇ ಹೇಳಿರಬೇಕು. ಸಂಜೆ ಹೋಗುವ ಮುಂಚೆ ಆತನ ಕೋಣೆಯ ಬಾಗಿಲಲ್ಲಿ ನಿಂತು ಅವಳು ಏನೋ ಹೇಳುತ್ತಾಳೆ, ಆತ ತಲೆಯಾಡಿಸುತ್ತಾನೆ. ಹಾಜರಿಗೆ ಸಹಿ ಹಾಕಿಸಿಕೊಳ್ಳುವುದಂತೆ. ಸಹಿ ಹಾಕಲು ಅಷ್ಟು ಹೊತ್ತು ಬೇಕೆ?

ನಿನ್ನೆ ನಾನೊಂದು ಉಪಾಯ ಮಾಡಿದೆ. ನಮ್ಮ ಮೇಲಿನ ಮಹಡಿಯಲ್ಲಿರುವ ಹಲ್ಲಿನ ಕ್ಲಿನಿಕ್ಕಿನಿಂದ ಒಬ್ಬ ಸಂಗೀತದ ಟೀಚರನ್ನು ಕಳಿಸಿದ್ದರು. ಮುಂದಿನ ಹಲ್ಲು ಹೋಗಿದೆ. "ಚೆನ್ನಾಗಿ ಮಾಡ್ಕೊಡಿ. ಬಾಯಿ ಮುಚ್ಕೊಂಡು ಮಾಡೋ ಕೆಲ್ಸ ಅಲ್ಲ ನಂದು" ಎಂದು ನಗಿಸಿದರು. ಗೊಂಚಲಿನಿಂದ ಎರಡು ಮಾದರಿ ತೆಗೆದೆ. ಸರಿಯಾದದ್ದನ್ನು ಬಲಗೈಯಲ್ಲಿ, ಎರಡು ಛಾಯೆಯಷ್ಟು ತಪ್ಪಿದ, ಕಡ್ಡಿಯ ತುದಿ ಮುರಿದಿದ್ದ ಇನ್ನೊಂದನ್ನು ಎಡಗೈಯಲ್ಲಿ ಹಿಡಿದೆ. ಬೇಕೆಂದೇ ಎಡಗೈ ಮುಂದೆ ಮಾಡಿ ಹುಡುಗಿಗೆ ಹೇಳಿದೆ:

"ಇದೇ ಸರಿ ಅಲ್ವೇನಮ್ಮ?"

ಅವಳಿಗೆ ತಪ್ಪು ಗೊತ್ತಾದರೆ ಮುಖದಲ್ಲಿ ಕಾಣುತ್ತದೆ, ಇಲ್ಲವೇ ಸಂಜೆ ಯಜಮಾನನ ಬಾಗಿಲಲ್ಲಿ ಕಾಣುತ್ತದೆ. ಅವಳು ಬಗ್ಗಿ ಟೀಚರ ಬಾಯಿ ನೋಡಿದಳು, ಮಾದರಿ ನೋಡಿದಳು. ಮುಖ ಅರಳಿತು. "ಹೂಂ ಮೇಡಂ. ಅದೇ. ಒಂಚೂರೂ ಗೊತ್ತಾಗಲ್ಲ" ಎಂದಳು, ಏನೋ ದೊಡ್ಡ ಭಾರ ಇಳಿದವಳಂತೆ.

ತಂಗಿ, ನನಗೆ ಎಷ್ಟು ನಿರಾಳವಾಯಿತೆಂದರೆ ಬಚ್ಚಲಿಗೆ ಹೋಗಿ ಒಬ್ಬಳೇ ನಕ್ಕೆ. ಬಣ್ಣವೇ ತಿಳಿಯದ ಪತ್ತೇದಾರಿ. ಅವಳು ಏನು ತಾನೇ ವರದಿ ಮಾಡಿಯಾಳು? ಅವಳು ಹೋದ ಮೇಲೆ ಬಲಗೈಯದನ್ನು ಬಾಣಸಿಗನಿಗೆ ಕೊಟ್ಟೆ. ಅವನು ತಿರುಗಿಸಿ ನೋಡಿ, "ಇದಾ ಅಕ್ಕ?" ಎಂದ. ಇದೇ ಎಂದೆ. "ನೀವು ಹೇಳಿದ ಮೇಲೆ ಮುಗೀತು ಬಿಡಿ" ಎಂದು ಪುಡಿ ಕಲಸಲು ಕೂತ.

ಹಾಗಾಗಿ ನೀನು ಚಿಂತೆ ಮಾಡಬೇಡ. ಈ ತಿಂಗಳು ಕಳೆದರೆ ಅವಳು ಹೋಗುತ್ತಾಳೆ, ಮೇಜು ನನ್ನದೇ ಇರುತ್ತದೆ. ಮಗಳು ಮಾತ್ರ ಕಣ್ಣಾಸ್ಪತ್ರೆಯಿಂದ ಬಂದವಳು ಊಟಕ್ಕೆ ಕೂತಾಗ ನನ್ನನ್ನೇ ನೋಡುತ್ತಿರುತ್ತಾಳೆ. ಏನೇ ಎಂದರೆ ಏನಿಲ್ಲ ಎನ್ನುತ್ತಾಳೆ. ಈ ವಯಸ್ಸಿನ ಹುಡುಗಿಯರೆಲ್ಲ ಹೀಗೆಯೇ ನೋಡುತ್ತಾರೋ ಏನೋ.

ನಿನಗೂ ನಿನ್ನವರಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ

ಜೂನ್ 19

ಪ್ರೀತಿಯ ತಂಗಿಗೆ,

ಆಶೀರ್ವಾದಗಳು. ಬರೆಯಬೇಕೆಂದು ಕೂತು ಎರಡು ಸಲ ಎದ್ದೆ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮಂಗಳವಾರ ಮಧ್ಯಾಹ್ನ ಸಂಗೀತದ ಟೀಚರು ಮೇಲಿನಿಂದ ಇಳಿದು ಬಂದರು. ಹಲ್ಲನ್ನು ಅಂಟಿಸಿರಲಿಲ್ಲ, ಕೂರಿಸಿ ನೋಡಿ ಹಾಗೆಯೇ ಕಳಿಸಿದ್ದರು. ಅವರು ಕೋಪ ಮಾಡಲಿಲ್ಲ. ಕೈಯಲ್ಲಿ ಚಿಕ್ಕ ಕನ್ನಡಿ ಹಿಡಿದು, "ನೋಡಿ, ಸಾಲಲ್ಲಿ ಯಾರೋ ನೆಂಟರು ಬಂದು ಕೂತ ಹಾಗಿಲ್ವಾ?" ಎಂದರು. ಆಮೇಲೆ ನಗಲು ಹೋಗಿ ಬಾಯಿಗೆ ಸೆರಗು ಅಡ್ಡ ಹಿಡಿದರು. ಅವರು ಸೆರಗು ಅಡ್ಡ ಹಿಡಿದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಹಲ್ಲಿನ ವ್ಯತ್ಯಾಸ ಮಾತ್ರ ಕಾಣಲಿಲ್ಲ.

ಸಣ್ಣ ಯಜಮಾನ ಬಂದು ಸರ್ರನೆ ಪರದೆ ಸರಿಸಿದ. ನಾನು ಕಣ್ಣು ಮುಚ್ಚಿಕೊಂಡೆ. ಆತ ಗೊಂಚಲಿನಿಂದ ಒಂದೊಂದೇ ಮಾದರಿ ಹಿಡಿದು ನೋಡುತ್ತ ಹೋಗಿ, ಒಂದರ ಹತ್ತಿರ ನಿಂತ. "ಇದಲ್ವಾ? ಚಿಕ್ಕ ಮಗೂಗೂ ಗೊತ್ತಾಗತ್ತೆ." ಆತನ ಕೈಯಲ್ಲಿದ್ದದ್ದು ಕಡ್ಡಿಯ ತುದಿ ಮುರಿದಿದ್ದ ಮಾದರಿ. ಅವತ್ತು ನನ್ನ ಎಡಗೈಯಲ್ಲಿದ್ದದ್ದು. ಹುಡುಗಿಯನ್ನು ಬೀಳಿಸಲೆಂದು ನಾನು ಆರಿಸಿದ ತಪ್ಪು ಬಣ್ಣವೇ ಸರಿಯಾದ ಬಣ್ಣವಾಗಿತ್ತು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ನಾನು ಬಚ್ಚಲಿನಲ್ಲಿ ನಕ್ಕಿದ್ದೆ.

"ಮತ್ತೆ ಇದನ್ನ ಯಾರು ಕೊಟ್ಟಿದ್ದು ಒಲೆಗೆ?" ಎಂದು ಸಣ್ಣ ಯಜಮಾನ ಕೇಳಿದ. ಬಾಣಸಿಗ ನನ್ನ ಮುಖ ನೋಡಿದ, ನೆಲ ನೋಡಿದ.

"ನಾನು ಸರ್" ಎಂದಳು ಹುಡುಗಿ. "ಮೇಡಂ ಸರಿಯಾದ್ದೇ ತೆಗೆದಿಟ್ಟಿದ್ರು. ನಾನು ಮುಟ್ಟಿ ನೋಡೋಕೆ ಹೋಗಿ ಅದಲುಬದಲು ಮಾಡ್ಬಿಟ್ಟೆ."

"ಮುಟ್ಬಾರ್ದು ಅಂತ ನಿಮ್ಮ ಸ್ಕೂಲಲ್ಲಿ ಹೇಳಿಲ್ವೇನಮ್ಮ? ನಾಳೆಯಿಂದ ಬರಬೇಡ. ನಿಮ್ಮ ಟೀಚರ್‌ಗೆ ಫೋನ್ ಮಾಡ್ತೀನಿ."

ತಂಗಿ, ಆ ಗಳಿಗೆಯಲ್ಲಿ ಸುಮ್ಮನಿದ್ದರೆ ನನ್ನ ಮೇಜು ಉಳಿಯುತ್ತಿತ್ತು. ಸುಮ್ಮನಿರಬೇಕೆಂದೇ ಇದ್ದೆ. ಅವಳು ಚೀಲ ಎತ್ತಿಕೊಂಡು ನನ್ನ ಕಡೆ ನೋಡದೆಯೇ ಹೊರಟಳು. ಯಾರ ಬೇಹುಗಾರ್ತಿಯಾದರೂ ಇಷ್ಟು ಮಾಡುತ್ತಾಳೆಯೇ?

"ಅವಳು ಮುಟ್ಟಿಲ್ಲ" ಎಂದೆ. "ಒಲೆಗೆ ಕೊಟ್ಟಿದ್ದು ನಾನೇ. ನನಗೆ ಕಣ್ಣು ಕಾಣಿಸ್ತಿಲ್ಲ."

ಟೀಚರು ಕನ್ನಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಸಣ್ಣ ಯಜಮಾನ, "ಹೇಳಬಹುದಿತ್ತಲ್ಲ ಅಕ್ಕ" ಎಂದ. ಈಗ ಬಣ್ಣದ ಮೇಜಿಗೆ ಯಂತ್ರ ಬರುತ್ತಿದೆ. ನಾನು ಒಳಗಿನ ಸಾಲಿನಲ್ಲಿ ಮೇಣದ ಹಲ್ಲು ಕೆತ್ತುತ್ತಿದ್ದೇನೆ, ಅದು ಅರ್ಧ ಬೆರಳಿಗೇ ತಿಳಿಯುವ ಕೆಲಸ. ಆಪರೇಷನ್ ಆದ ಮೇಲೆ ನೋಡೋಣ ಎಂದಿದ್ದಾನೆ. ಮೇಜು ವಾಪಸ್ ಕೊಡುತ್ತೇನೆಂದು ಹೇಳಿಲ್ಲ. ಆತನ ಮೇಲೆ ಇಷ್ಟು ದಿನ ಪಟ್ಟ ಅನುಮಾನಕ್ಕೆ ಆಧಾರವೇ ಇರಲಿಲ್ಲ. ಆತನಿಗೆ ಏನೂ ಗೊತ್ತಿರಲಿಲ್ಲ. ಅದೂ ಒಂಥರಾ ಬೇಜಾರೇ.

ಅವತ್ತೇ ಹುಡುಗಿಯನ್ನು ಗೇಟಿನ ಹತ್ತಿರ ಹಿಡಿದೆ. "ಯಾಕೆ ಸುಳ್ಳು ಹೇಳಿದೆ? ನಿನ್ನ ಯಾರು ಕಳಿಸಿದ್ದು?"

ಅವಳು ಅಳುತ್ತಿದ್ದಳು. "ಆಂಟಿ, ನಾನೂ ನಿಮ್ಮ ಮಗಳೂ ಒಂದೇ ಬೆಂಚು. ಅವಳು ಇಲ್ಲಿಗೆ ಬರೋ ಹಾಗಿಲ್ಲ ಅಲ್ವಾ, ಅದಕ್ಕೆ ನೀನು ಹೋಗು ಅಂದ್ಲು. 'ಅಮ್ಮಂಗೆ ಎಷ್ಟು ಕಾಣತ್ತೆ ನೋಡ್ಕೊಂಡು ಬಾ, ನನ್ನ ಹತ್ರ ಏನೂ ಇಲ್ಲ ಅಂತಾಳೆ' ಅಂದ್ಲು. ಅವತ್ತು ನೀವು ಸರಿಯಾದ ಹಲ್ಲು ತೋರಿಸಿದಾಗ ನಂಗೆ ಎಷ್ಟು ಖುಷಿ ಆಯ್ತು ಗೊತ್ತಾ. ಅಮ್ಮಂಗೆ ಕಾಣತ್ತೆ ಕಣೇ ಅಂತ ಅವಳಿಗೆ ಹೇಳಿದ್ದೆ."

ಮನೆಗೆ ಬಂದರೆ ಮಗಳು ಬಾಗಿಲಲ್ಲೇ ನಿಂತಿದ್ದಳು. ಕಣ್ಣಾಸ್ಪತ್ರೆಯಲ್ಲಿ ಕೂತು ಕೂತು ಪೊರೆಯ ಆಪರೇಷನ್ ಬಗ್ಗೆ ಎಲ್ಲ ತಿಳಿದುಕೊಂಡಿದ್ದಾಳೆ. ಬಣ್ಣದ ವಿಷಯವನ್ನೂ ಕೇಳಿದ್ದಾಳೆ. ಸ್ವಲ್ಪ ದಿನ ಎಲ್ಲ ನೀಲಿ ಕಾಣುತ್ತದಂತೆ, ಆಮೇಲೆ ಒಗ್ಗುತ್ತದಂತೆ. ಮುಂದಿನ ತಿಂಗಳ ಮೊದಲ ವಾರಕ್ಕೆ ಹೆಸರು ಬರೆಸಿ ಬಂದಿದ್ದಾಳೆ. ನಿನ್ನ ಭಾವನವರು ರಜೆ ಹಾಕಿದ್ದಾರೆ. ನಾನು ಬೇಡ ಎನ್ನಲಿಲ್ಲ. ಆ ಪತ್ತೇದಾರಿ ಈಗಲೂ ಲ್ಯಾಬಿಗೆ ಬರುತ್ತಾಳೆ, ಮೇಣದ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಾಳೆ. ಅವಳಿಗೆ ಈ ಕೆಲಸ ನಿಜವಾಗಿಯೂ ಹಿಡಿಸಿದಂತಿದೆ.

ನಿನಗೆ ಆರೋಗ್ಯ, ಆಯುಷ್ಯ, ನಿನ್ನ ಮನೆಗೆ ನೆಮ್ಮದಿ ಸಿಗಲಿ. ಮಕ್ಕಳ ತಲೆ ಸವರಿ ದೊಡ್ಡಮ್ಮನ ಆಶೀರ್ವಾದ ಹೇಳು.

ನಿನ್ನ ಅಕ್ಕ

ಮರೆತ ಮಾತು: ನನ್ನ ಕಣ್ಣಿನ ವಿಷಯ ಅವಳಿಗೆ ಯಾರು ಹೇಳಿದರು ಎಂದು ಮಗಳನ್ನು ಕೇಳಿದೆ. ಬೆಳಗ್ಗೆ ಹೇಳಿದಳು. ಬೇಸಿಗೆ ರಜೆಗೆ ನೀನು ಬಂದಿದ್ದಾಗ ನಾನು ಸೂಜಿಗೆ ದಾರ ಪೋಣಿಸಲಾರದೆ ಎದ್ದು ಹೋದದ್ದನ್ನು ನೋಡಿದೆಯಂತೆ. ಅವಳನ್ನು ಹಿತ್ತಲಿಗೆ ಕರೆದು, "ಅಮ್ಮನ ಕಣ್ಣು ಹೋಗ್ತಿದೆ ಕಣೇ, ನಾನು ಹೇಳ್ದೆ ಅಂತ ಹೇಳ್ಬೇಡ" ಎಂದೆಯಂತೆ. ಆಮೇಲೆ ನನಗೆ "ಗೊತ್ತೇ ಇರಲಿಲ್ಲ" ಎಂದು ಬರೆದೆ. ಈ ತಿಂಗಳೆಲ್ಲ ನಾನು ಯಾರ್ಯಾರನ್ನೋ ಅನುಮಾನಿಸಿ, ಆ ಅನುಮಾನವನ್ನೆಲ್ಲ ನಂಬಿ ಹೇಳಿಕೊಂಡದ್ದು ನಿನ್ನೊಬ್ಬಳ ಹತ್ತಿರ. ಅಕ್ಕನಿಗೆ ನೇರ ಹೇಳಲು ಅಷ್ಟು ಹೆದರಿಕೆಯೇ ನಿನಗೆ? ಇಷ್ಟು ಬರೆದ ಮೇಲೆ ನಿನ್ನ ಈಚಿನ ಪತ್ರಗಳನ್ನು ತೆಗೆದು ನೋಡಿದೆ. ಬೇಸಿಗೆಯಿಂದ ಈಚೆಗೆ ಎಲ್ಲವೂ ದಪ್ಪ ಪೆನ್ನಿನಲ್ಲಿ, ಪುಟಕ್ಕೆ ಕೆಲವೇ ಸಾಲು, ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟಿದೆ. ಪುಟಾಣಿಗಳಿಗೆ ಬೋರ್ಡಿನ ಮೇಲೆ ಬರೆದೂ ಬರೆದೂ ನಿನ್ನ ಕೈ ಹೀಗಾಯಿತೆಂದು ನಾನು ನಕ್ಕಿದ್ದೆ. ಆಪರೇಷನ್ ಆಗುವವರೆಗೆ ಹಾಗೆಯೇ ಬರೆ. ಆದರೆ ಇನ್ನು ಮೇಲೆ ಕಂಡದ್ದನ್ನು ನನಗೇ ಬರೆ.