ಆಟೀನು ರಾಣಿ

ಬುಧವಾರ, ಮಧ್ಯಾಹ್ನ
ಹೊಲಿಗೆ ಅಂಗಡಿಯಿಂದ

ಪ್ರೀತಿಯ ತಕ್ಕಡಿ ಸಾಹೇಬರಿಗೆ,

'ಪ್ರೀತಿಯ' ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಶನಿವಾರದಿಂದ ಎಲ್ಲವೂ ಹೀಗೇ. ನಿನ್ನೆ ಯಾರದೋ ಕೋಟಿನ ಎಡತೋಳನ್ನು ಬಲಕ್ಕೆ ಹೊಲಿದೆ. ಈಗ ಬಿಚ್ಚುತ್ತಾ ಕೂತಿದ್ದೇನೆ.

ಅಂದು ಲೈಬ್ರರಿಯ ಸಭಾಂಗಣದಲ್ಲಿ, ನನ್ನ ಜಾದೂ ನೋಡಲು ಬಂದವರ ನಡುವೆ ನಿಮ್ಮನ್ನು ಕಂಡೆ. ನಾನು ಇಸ್ಪೀಟಿನ ಜಾದೂ ಕಲಿತದ್ದನ್ನು ಅಕ್ಕನೇ ಹೇಳಿರಬೇಕು. ಅವಳ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ನಿಮ್ಮನ್ನು ಬಿಟ್ಟು ಅವಳ ಮನೆಗೆ ಬಂದಮೇಲೆ ಸಂಜೆಗಳು ಮುಗಿಯುತ್ತಲೇ ಇರಲಿಲ್ಲ. ನಮ್ಮ ಅಂಗಡಿಯ ಮಹಡಿಯಲ್ಲಿ ಜಾದೂ ಕಲಿಸುವ ಮೇಷ್ಟ್ರಿದ್ದಾರೆ. ಒಂದು ದಿನ ಸುಮ್ಮನೆ ಮೆಟ್ಟಿಲು ಹತ್ತಿಬಿಟ್ಟೆ.

ನೋಡುವವರು ಹಿಡಿದ ಎಲೆಯನ್ನು ಕಟ್ಟಿನ ನಡುವೆ ಸೇರಿಸಿ, ಅಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟು ಕಿರುಬೆರಳಲ್ಲಿ ಹಿಡಿದಿರಬೇಕು. ಮಾತಾಡುತ್ತಲೇ ಅದನ್ನು ಮೇಲಕ್ಕೆ ತರಬೇಕು. ತಿಂಗಳುಗಟ್ಟಲೆ ಎಲೆಗಳು ನೆಲಕ್ಕುದುರಿದವು. "ಕೈ ನೋಡ್ಕೋಬೇಡಿ, ಅವರ ಮುಖ ನೋಡಿ. ನೀವು ಕೈ ನೋಡಿದ್ರೆ ಅವರೂ ಕೈಯನ್ನೇ ನೋಡ್ತಾರೆ" ಎನ್ನುತ್ತಿದ್ದರು ಮೇಷ್ಟ್ರು. ಅಂತೂ ಕೈ ಪಳಗಿತು.

ಆದರೆ ನಿಮ್ಮ ಮುಖ ನೋಡುವುದು ಹೇಗೆ? ಯಾರಾದರೂ ವೇದಿಕೆಗೆ ಬನ್ನಿ ಎಂದಾಗ ನೀವೇ ಎದ್ದು ಬಂದಿರಿ. ಅಂಗಡಿಗಳ ತೂಕದ ಕಲ್ಲು ಪರೀಕ್ಷಿಸುವ ಹಾಗೆಯೇ ಎಲೆಯನ್ನು ನೋಡಿ ವಾಪಸು ಇಟ್ಟಿರಿ. ನನ್ನ ಕಿರುಬೆರಳು ಬೆವರಿತು, ಸಂದು ಮುಚ್ಚಿಹೋಯಿತು. ಇನ್ನೇನು ಮಾಡಲಿ, ಮೇಲಿದ್ದ ಎಲೆಯನ್ನೇ ಎತ್ತಿ ಹಿಡಿದೆ. ಆಟೀನು ರಾಣಿ. ಇದೇನಾ ಎಂದು ಕೇಳಿದೆ.

'ಅಲ್ಲ' ಎನ್ನುತ್ತೀರೆಂದು ನನಗೆ ಗೊತ್ತಿತ್ತು. ಭಾವನವರು ಕೆಲಸದಿಂದ ನಿವೃತ್ತರಾದ ದಿನ, ನಾವಿಬ್ಬರೂ ಬಸ್ಸಿನಲ್ಲಿ ಭೇಟಿಯಾದ ಕತೆಯನ್ನು ನಾನು ಎಲ್ಲರಿಗೂ ಹೇಳುತ್ತಿದ್ದೆ. "ಮಂಗಳವಾರ ಅಲ್ಲ, ಬುಧವಾರ" ಎಂದಿರಿ. "ಅಷ್ಟೊಂದು ರಶ್ ಇರ್ಲಿಲ್ಲ" ಎಂದಿರಿ. "ಇವಳು ಮೊದಲು ಮಾತಾಡಿಸಿದ್ದು ನನ್ನನ್ನಲ್ಲ, ಕಂಡಕ್ಟರನ್ನ" ಎಂದಾಗ ಎಲ್ಲರೂ ನಕ್ಕರು. ನನ್ನ ಕತೆ ಅಲ್ಲಿಗೇ ನಿಂತಿತು. ಆ ವಾರವೇ ನಾನು ಪೆಟ್ಟಿಗೆ ಕಟ್ಟಿದ್ದು. ಕಾರಣ ಇಷ್ಟೇನಾ ಎಂದು ಕೇಳಿದಿರಿ. ಇಷ್ಟೇ, ಆದರೆ ವರ್ಷಗಟ್ಟಲೆ.

ಅಂಥವರು ತುಂಬಿದ ಸಭೆಯಲ್ಲಿ "ಹೌದು, ಇದೇ" ಎಂದುಬಿಟ್ಟಿರಿ. ರೆಪ್ಪೆಯೂ ಅಲುಗಲಿಲ್ಲ. ಚಪ್ಪಾಳೆಗೆ ನಾನು ತಲೆಬಾಗಿ ಏಳುವಷ್ಟರಲ್ಲಿ ನಿಮ್ಮ ಕುರ್ಚಿ ಖಾಲಿ.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ ನಿಮ್ಮ ಎಲೆಯೇ ಮೇಲೆ ಬಂದಿತ್ತೇ? ಅಥವಾ ಒಂದು ಗ್ರಾಂ ಕೂಡ ಬಿಡದ ನೀವು, ನನ್ನ ಮಾನ ಉಳಿಸಲು... "ಕೇಳ್ಬಿಡೇ, ಒಳಗೊಳಗೇ ಕುದೀಬೇಡ" ಎಂದು ಅಕ್ಕ ಬೈದಳು. ಅದಕ್ಕೇ ಕೇಳುತ್ತಿದ್ದೇನೆ. ಶನಿವಾರ ಮತ್ತೆ ವೇದಿಕೆ ಹತ್ತಬೇಕು. ಅಷ್ಟರೊಳಗೆ ಒಂದು ಸಾಲು ತಿಳಿಸಿ: ನಿಮ್ಮ ಎಲೆ ಯಾವುದಿತ್ತು?

ಇಂತಿ,
ನೀವು 'ಕತ್ತರಿ' ಎಂದು ಕರೆಯುತ್ತಿದ್ದವಳು

ಮರೆತ ಮಾತು: ನೀವು ಹಿಡಿದದ್ದು ಕಳಾವರ್ ಏಳು. ಪರದೆಯ ಪಕ್ಕ ನಿಂತಿದ್ದ ಮೇಷ್ಟ್ರು ಕಂಡಿದ್ದರು, ಅವತ್ತೇ ಹೇಳಿದರು. ಹಾಗಾಗಿ ಕಾಗದ ಬರೆಯುವ ತೊಂದರೆ ಬೇಡ. ಆಟೀನು ರಾಣಿಯೇ ಎಂದು ಇನ್ನೊಮ್ಮೆ ಹೇಳುವುದಿದ್ದರೆ, ಮನೆಗೆ ಬಂದು ಹೇಳಿ. ಭಾನುವಾರ ಅಕ್ಕ, ಭಾವ ಇಬ್ಬರೂ ಊರಲ್ಲಿರುವುದಿಲ್ಲ.