ದ್ರೌಪದಿಯ ಎಡಗಾಲು

ಗುತ್ತಲ
9-2-1988

ಬ್ಯಾಡಗಿಯ ಮದ್ದಳೆ ಸಂಕಪ್ಪಣ್ಣನವರಿಗೆ ಇಮಾಮಸಾಬನ ಸಲಾಮು.

ನಮ್ಮ ದೊಡ್ಡಾಟದ ಮೇಳದಲ್ಲಿ ಮೊದಲ ಸಲ ಹೆಣ್ಣುಮಗಳೊಬ್ಬಳು ದ್ರೌಪದಿಯ ಸೋಗು ಹಾಕುತ್ತಾಳೆ ಎಂದಾಗ ನಾನು ಸಿಟ್ಟಾಗಿದ್ದು ನಿಮಗೆ ಗೊತ್ತೇ ಇದೆ. ಮೂವತ್ತು ವರ್ಷ ಆ ಸೀರೆ ಉಟ್ಟವನು ನಾನು. ಆದರೂ ಹೊಸರಿತ್ತಿಯ ನೀಲವ್ವನಿಗೆ ಕಲಿಸಲು ಒಪ್ಪಿಕೊಂಡೆ.

ನಿನ್ನೆ ತಾಲೀಮಿನಲ್ಲಿ ಆಕೆ ಕೇಳಿದಳು: "ಕಾಕಾ, ಮೂರನೇ ಹೆಜ್ಜಿಗೆ ಎಡಗಾಲು ಯಾಕ ಎಳೀಬೇಕ್ರಿ?"

"ದ್ರೌಪದಿ ನಡಿಗಿನ ಹಂಗ ಐತವ್ವಾ" ಎಂದೆ. ಅಂದ ಮೇಲೆ ನೆನಪಾಯಿತು. ಚಕ್ಕಡಿಯ ಗಾಲಿ ನನ್ನ ಪಾದದ ಮೇಲೆ ಹರಿದ ವರ್ಷದಿಂದ ಆ ಕಾಲನ್ನು ಎಳೆಯುತ್ತಿದ್ದೇನೆ. ನನಗೇ ಮರೆತುಹೋಗಿತ್ತು. ನನ್ನನ್ನು ನೋಡಿ ಕಲಿತ ಹಾವೇರಿ, ರಾಣೆಬೆನ್ನೂರಿನ ದ್ರೌಪದಿಯರೆಲ್ಲ ಕಾಲು ಗಟ್ಟಿ ಇದ್ದೂ ಎಳೆಯುತ್ತಾರೆ!

"ನಿನಗ ಬಂದಂಗ ಇಡು" ಎಂದೆ. ಆಕೆ ಕಾಲೆತ್ತಿ ಇಟ್ಟಳು. ಸಂಕಪ್ಪಣ್ಣ, ಅದು ನಮ್ಮ ಗುರುಗಳು ಕಲಿಸಿದ ಹೆಜ್ಜೆ. ಅವರು ಮಣ್ಣಾಗಿ ಇಪ್ಪತ್ತು ವರ್ಷವಾಯಿತು, ಈ ಹುಡುಗಿ ಅವರನ್ನು ಕಂಡೇ ಇಲ್ಲ. ಕುಂತಲ್ಲಿಂದ ಎದ್ದು ನಿಂತುಬಿಟ್ಟೆ.

ನನ್ನ ಗೆಜ್ಜೆ ಆಕೆಗೆ ಸಡಿಲಾಗುತ್ತವೆ. ಆಟಕ್ಕೆ ಬರುವಾಗ ಸಣ್ಣ ಪಟ್ಟಿಯ ಜೋಡಿಯೊಂದು ತನ್ನಿ.

ಇನ್ನೊಂದು ಮಾತು. ಇಷ್ಟು ವರ್ಷ ಮೂರನೇ ಹೆಜ್ಜೆಗೆ ನೀವು ಮದ್ದಳೆಯ ಮೇಲೆ ಕೈ ತಡೆದು ನನ್ನ ಕಾಲಿಗಾಗಿ ಕಾಯುತ್ತಿದ್ದಿರಿ. ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.

ಈ ಸಲ ಕಾಯಬೇಡಿ.

ನಿಮ್ಮ
ಇಮಾಮಸಾಬ