ಗೂಡಿನ ಎರಡನೆಯ ಹೆಸರು

ಲೀಡ್ಸ್
ಭಾನುವಾರ, 12 ಅಕ್ಟೋಬರ್ 2025

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಧಾರವಾಡದಲ್ಲಿ ಮಳೆ ನಿಂತಿತೇ? ವತ್ಸಲಾ ಮಾವಶಿಯ ಮೊಣಕಾಲು ಹೇಗಿದೆ? ಮೊನ್ನೆ ನೀನು ಕಳಿಸಿದ ವಿಡಿಯೋದಲ್ಲಿ ನಿನ್ನ ಹಿಂದೆ ಅವಳು ದಡದಡನೆ ಮಹಡಿ ಹತ್ತಿ ಹೋದದ್ದು ಕಾಣಿಸಿತು. ಆಪರೇಷನ್ ಆದ ತಂಗಿಯನ್ನು ಆರು ವಾರ ನೋಡಿಕೊಂಡು ಬರುತ್ತೇನೆಂದು ಫೆಬ್ರವರಿಯಲ್ಲಿ ಹೋದವಳು ನೀನು. ಆದ್ದರಿಂದ ಸಂತೋಷವೂ ಆಯಿತು, ಏನೂ ಅರ್ಥವಾಗದಂತೆಯೂ ಆಯಿತು. ನಾನು ಚೆನ್ನಾಗಿದ್ದೇನೆ. ಯೂನಿವರ್ಸಿಟಿಗೆ ಬಂದು ಮೂರು ವಾರ. ನಮ್ಮ ಅಡುಗೆಮನೆ ಹಂಚಿಕೊಂಡಿರುವ ಐವರಲ್ಲಿ ಇಬ್ಬರ ಹೆಸರು ಇನ್ನೂ ಗೊತ್ತಿಲ್ಲ, ಈಗ ಕೇಳಲು ನಾಚಿಕೆ. ಇದನ್ನು ಬರೆದು ಫೋಟೋ ತೆಗೆದು ಕಳಿಸುತ್ತೇನೆ. ಫೋನಿನಲ್ಲಾದರೆ ನಾನು ಊಟದ ವಿಷಯ ಮಾತಾಡಿ ಇಟ್ಟುಬಿಡುತ್ತೇನೆ. ಅಲ್ಲದೆ ಕನ್ನಡ ಅಪ್ಪನಿಗೆ ಓದಲು ಬರುವುದಿಲ್ಲ.

ನಿನ್ನೆ ಅಪ್ಪ ಬಂದು ಮಾರ್ಸ್‌ಬಿಗೆ ಕರೆದುಕೊಂಡು ಹೋದ. ನಾವು ಮೂವರೂ ಹೋಗುತ್ತಿದ್ದ ಅದೇ ಮಾರ್ಸ್‌ಬಿ. ಹನ್ನೊಂದೂವರೆಗೆ ಕಾರನ್ನು ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸಿ, ಗಾಜು ಏರಿಸಿಕೊಂಡು ಮೊಟ್ಟೆ ಸ್ಯಾಂಡ್‌ವಿಚ್ ತಿಂದೆವು. ಸಾಲಿನಲ್ಲಿದ್ದ ಕಾರುಗಳಲ್ಲೆಲ್ಲ ಎಲ್ಲರೂ ಹಾಗೆಯೇ ಕೂತು ತಿನ್ನುತ್ತಿದ್ದರು. ಅಪ್ಪ, "ಅಲೆ ಜೋರಾಗೇ ಇದೆ" ಎಂದ. ನಾನು, "ಜೋರಾಗೇ ಇದೆ" ಎಂದೆ. ಅಷ್ಟರಲ್ಲಿ ಫ್ಲಾಸ್ಕಿನ ಟೀ ಮುಗಿಯಿತು. ಆಮೇಲೆ ಆ ಕೊರೆಯುವ ಗಾಳಿಯಲ್ಲಿ ನನಗೊಂದು ಐಸ್‌ಕ್ರೀಮ್ ಕೊಡಿಸಿದ, ಚಾಕೊಲೇಟ್ ಕಡ್ಡಿ ಎರಡು ಸಿಕ್ಕಿಸಿ. ಏನೋ ಕೆಟ್ಟ ಸುದ್ದಿ ಹೇಳುತ್ತಾನೆಂದುಕೊಂಡೆ. ಹನ್ನೊಂದು ವರ್ಷದವಳನ್ನು ಹಾಸ್ಟೆಲ್ ಶಾಲೆಗೆ ಹಾಕುತ್ತೇವೆಂದು ನೀವಿಬ್ಬರೂ ಹೇಳಿದ ದಿನವೂ ಎರಡು ಕಡ್ಡಿ ಇತ್ತು. ಹಾಸ್ಟೆಲ್ಲಿನಲ್ಲಿ ಬೆಳೆದವರು ದೊಡ್ಡವರ ಮಾತಿಗಿಂತ ಅವರು ಕೊಡಿಸಿದ್ದನ್ನು ಹೆಚ್ಚು ಗಮನಿಸುತ್ತಾರೆ, ಅಮ್ಮಾ.

ಆದರೆ ಅಪ್ಪ ಹೇಳಿದ್ದು ಬೇರೆ. ದಂಡೆಯ ಮೇಲೆ, ಹಗಲು ಹೊತ್ತು ಕೂತು ಟೀ ಕುಡಿಯಲು ಬಾಡಿಗೆಗೆ ಕೊಡುವ ಆ ಬಣ್ಣದ ಮರದ ಗೂಡುಗಳಿವೆಯಲ್ಲ, ನಾನು ಹುಟ್ಟಿದ ವಾರವೇ ಅದರಲ್ಲೊಂದಕ್ಕೆ ಹೆಸರು ಬರೆಸಿದ್ದನಂತೆ. ಹತ್ತೊಂಬತ್ತು ವರ್ಷ ಕಾದ ಮೇಲೆ ಈಗ ಸರದಿ ಬಂದಿದೆ. ನಲವತ್ತೊಂದನೆಯ ಗೂಡು, ತೆಳು ಹಸಿರು. ಒಳಗೆ ಎರಡು ಮಡಿಸುವ ಕುರ್ಚಿ, ಒಂದು ಗ್ಯಾಸ್ ಒಲೆ, ಯಾರೋ ಬಿಟ್ಟುಹೋದ ಟೀಪಾಟು. ಅಪ್ಪ ಕುರ್ಚಿಗಳನ್ನು ಹಾಕಿದ, ಮಡಿಸಿದ, ಮತ್ತೆ ಹಾಕಿದ. ಪಕ್ಕದ ಗೂಡಿನ ಮುದುಕಿ, ಮಿಸೆಸ್ ಪ್ಲಮ್‌ಟ್ರೀ, ಹೆಣಿಗೆ ಬಿಡದೆಯೇ ವಿಚಾರಿಸಿದಳು. "ಮನೆಯವರು ಬರ್ಲಿಲ್ವೇನಪ್ಪಾ?" ಅಪ್ಪ, "ಬರ್ತಾಳೆ. ಅವಳಿಗೆ ಈ ಗಾಳಿ ಆಗಲ್ಲ. ಗಾಳಿ ನಿಲ್ಲಲಿ ಅಂತಿದಾಳೆ" ಎಂದ. ಅವಳು ಒಂದು ಕ್ಷಣ ಕಡಲಿನತ್ತ ನೋಡಿ, "ನಾನಿಲ್ಲಿ ಮೂವತ್ತು ವರ್ಷದಿಂದ ಕೂತಿದೀನಿ. ನಿಂತಿದ್ದು ನಾನಂತೂ ನೋಡಿಲ್ಲ" ಎಂದಳು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ನೀನು ಹಾಗೆ ಅಂದಿದ್ದೀಯಾ? ಅಪ್ಪ ಸುಳ್ಳು ಹೇಳಿದನೋ, ನನಗೆ ಹೇಳದ ನಿಜವನ್ನು ಅವಳಿಗೆ ಹೇಳಿದನೋ, ನನಗೆ ತಿಳಿಯಲಿಲ್ಲ.

ಗೂಡು ಇಬ್ಬರ ಹೆಸರಿನಲ್ಲಿರಬೇಕೆಂದು ನಿಯಮ. ಒಮ್ಮೆ ಬರೆದುಕೊಟ್ಟರೆ ಹತ್ತು ವರ್ಷ ಬದಲಾಯಿಸುವಂತಿಲ್ಲ. ಅರ್ಜಿಯಲ್ಲಿ ಅಪ್ಪನ ಹೆಸರಿದೆ, ಕೆಳಗಿನ ಸಾಲು ಖಾಲಿ. "ನಿನ್ನ ಹೆಸರು ಹಾಕ್ಲಾ ಮರಿ?" ಎಂದ. ನಾನು, "ನಿನ್ನಿಷ್ಟ ಅಪ್ಪಾ" ಎಂದೆ. "ಹಾಗಲ್ಲ, ನಿನ್ನಿಷ್ಟ." "ನಂದೇನಿಲ್ಲ, ನಿಜವಾಗ್ಲೂ." ಹೀಗೇ ನಾಲ್ಕು ಸಲ ಆಯಿತು. ನೀನಿದ್ದಿದ್ದರೆ, "ಏನರ ಅನ್ನೂದಿದ್ರ ಬಾಯಿಬಿಟ್ಟ ಅನ್ರಿ ಇಬ್ರೂ" ಎಂದು ಬೈಯುತ್ತಿದ್ದೆ. ಬೈಯುವ ನೀನೇ ಏನೂ ಅನ್ನದೆ ಅಲ್ಲಿ ಉಳಿದಿದ್ದೀಯ. ಇದರಲ್ಲಿ ಸಿಟ್ಟಿಲ್ಲ. ಇದೆಯೇನೋ, ಅದೂ ಗೊತ್ತಾಗುತ್ತಿಲ್ಲ. ನನ್ನ ಹೆಸರು ಬರೆದರೆ ನೀನು ಬರುವುದಿಲ್ಲವೆಂದು ನಾನೇ ಸಹಿ ಮಾಡಿಕೊಟ್ಟಂತೆ. ನಿನ್ನ ಹೆಸರು ಬರೆದು ನೀನು ಬರದಿದ್ದರೆ, ಅಪ್ಪ ಹತ್ತು ವರ್ಷ ಎರಡು ಕುರ್ಚಿ ಹಾಕಿಕೊಂಡು ಕೂರುತ್ತಾನೆ.

ಮಾವಶಿಗೂ ಕಾಕಾನಿಗೂ ನನ್ನ ನಮಸ್ಕಾರ ತಿಳಿಸು. ಬೆಳಿಗ್ಗೆ ಮಾತ್ರೆ ತಪ್ಪಿಸಬೇಡ.

ನಿನ್ನ
ಊರ್ಮಿ

ತಾ.ಕ.: ಅರ್ಜಿ ನನ್ನ ಹತ್ತಿರವೇ ಇದೆ. ಕಾರಿನಿಂದ ಇಳಿಯುವಾಗ ಅಪ್ಪ ಕೈಗೆ ತುರುಕಿ, "ನೀನೇ ತುಂಬಿ ಹಾಕ್ಬಿಡು" ಎಂದು ಹೊರಟುಹೋದ. ಶುಕ್ರವಾರದೊಳಗೆ ತಲುಪಬೇಕು. ಎರಡನೆಯ ಸಾಲಿನಲ್ಲಿ ಪೆನ್ಸಿಲಿನಿಂದ ನಿನ್ನ ಹೆಸರು ಬರೆದಿದ್ದೇನೆ, ಗಿರಿಜಾ ಎಂದು. ಅದರ ಮೇಲೆ ಪೆನ್ನು ಆಡಿಸಲೋ, ಅಳಿಸಲೋ? ಒಂದೇ ಪದ ಕಳಿಸು, ಸಾಕು. ಅಪ್ಪನಿಗೆ ನಾನು ಹೇಳುತ್ತೇನೆ.